ಬೀಗರೂಟದಲ್ಲಿ ‘ಡಿವೌರ್’ ಅನ್ನಬಹುದಾ?

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಾಠದಲ್ಲಿ ‘ಡಿವೌರ್’ ಬಂತೆಂದರೆ ಮಕ್ಕಳು ಗೈಡ್ ನೋಡಿ ‘ಕಬಳಿಸು’ ಅಂತ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅರ್ಥವೇನೋ ಸರಿ. ಆದರೆ ಕಬಳಿಸು ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಗೋಮಾಳ, ಕೆರೆ ಒತ್ತುವರಿ, ತಟ್ಟೆ ಅನ್ನವಲ್ಲ. ಅದಕ್ಕೇ ನಾನು ಅರ್ಥ ಬಿಟ್ಟು ಬೀಗರೂಟದಿಂದ ಶುರು ಮಾಡುತ್ತೇನೆ.

ಬೋರ್ಡಿನ ಮೇಲೆ ಡಿವೌರ್, ಗಾಬಲ್ ಅಪ್, ವುಲ್ಫ್ ಡೌನ್, ಟಕ್ ಇನ್ ಅಂತ ಬರೆದು ಕೇಳುತ್ತೇನೆ: ಎಲೆ ಮುಂದೆ ಕೂತ ಬೀಗರಿಗೆ ಇದರಲ್ಲಿ ಯಾವುದನ್ನು ಹೇಳಬಹುದು? ಬೀಗರಿಗೆ ‘ಊಟ ಮಾಡಿ’ ಅನ್ನುವುದಕ್ಕೂ ‘ಮುಕ್ಕಿ’ ಅನ್ನುವುದಕ್ಕೂ ಇರುವ ಅಂತರ ಈ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಗೆಲ್ಲುವುದು ಟಕ್ ಇನ್ ಒಂದೇ: ಸಂಕೋಚ ಬೇಡ, ಶುರು ಮಾಡಿ ಅನ್ನುವ ಬ್ರಿಟಿಷರ ಸಲಿಗೆಯ ಮಾತು. ವುಲ್ಫ್ ಡೌನ್ ತೋಳದ ತಿನ್ನಾಟ. ಮದ್ದೂರಿನಲ್ಲಿ ರೈಲು ಹೊರಡುವಷ್ಟರಲ್ಲಿ ಎರಡು ವಡೆ ಗಂಟಲಿಗಿಳಿಸಿದವನಿಗೆ ಸರಿಹೊಂದುತ್ತದೆ. ಗಾಬಲ್‌ನಲ್ಲಿ ಗಬಗಬ ಇದೆ, ಟರ್ಕಿ ಕೋಳಿಯ ಕೂಗಿಗೂ ಇದೇ ಹೆಸರು. ಡಿವೌರ್‌ನಲ್ಲಿ ಅವಸರಕ್ಕಿಂತ ಹಸಿವು ಹೆಚ್ಚು, ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಬೀಗರ ಮುಖಕ್ಕೆ ಹೇಳಿದರೆ ಅದು ಅವಮಾನ. ‘ಹುಡುಗರು ಪಾಯಸ ಡಿವೌರ್ ಮಾಡಿಬಿಟ್ಟರು’ ಅಂತ ಅಡುಗೆಯವರು ಆಮೇಲೆ ಹೇಳಿಕೊಂಡರೆ ಮಾತ್ರ ಅದರಲ್ಲಿ ಖುಷಿಯೇ ಇರುತ್ತದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಮುದ್ದೆನ ಯಾರೂ ಅಗಿಯಲ್ವಲ್ಲ, ಹಂಗಾದ್ರೆ ನಾವೆಲ್ಲ ದಿನಾ ಡಿವೌರ್ ಮಾಡ್ತಿದ್ದೀವಾ?” ಅಂದಳು. ಆ ಪಾಠದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ನಿಮ್ಮ ತಾತ ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ, ನಿಧಾನವಾಗಿ ನುಂಗುತ್ತಾರೆ, ಅದು ಸ್ವಾಲೋ ಅಷ್ಟೇ ಅಂದೆ. ಆಟ ಮುಗಿಸಿ ಬಂದ ತಮ್ಮ ಅದೇ ಮುದ್ದೆಗೆ ಕೈ ಹಾಕಿದ ರೀತಿ ಬೇರೆ, ಅದು ಡಿವೌರ್. ತಮಾಷೆಯೆಂದರೆ ಹುಡುಗಿಯ ಊಹೆ ಪೂರ್ತಿ ಸುಳ್ಳೂ ಅಲ್ಲ. ಪದದ ಮೂಲವಾದ ಲ್ಯಾಟಿನ್ನಿನ ‘ವೊರಾರೆ’ಗೆ ನುಂಗುವುದು ಅಂತಲೇ ಅರ್ಥ. ವಿಜ್ಞಾನದ ಪಾಠದಲ್ಲಿ ಬರುವ ಕಾರ್ನಿವೋರ್, ಹರ್ಬಿವೋರ್, ಓಮ್ನಿವೋರ್‌ಗಳಿಗೂ ಅದೇ ಬೇರು. ಈ ನಂಟು ಹೇಳಿದ ಮೇಲೆ ಮಕ್ಕಳು ‘ಡಿವೋರ್’ ಅನ್ನತೊಡಗುತ್ತಾರೆ, ಅದನ್ನು ತಿದ್ದಬೇಕು. ಇದರ ಕೊನೆ ಗಂಟೆ ಅನ್ನುವ ‘ಅವರ್’ ಪದದಂತೆ. ಒತ್ತು ಎರಡನೆಯ ಭಾಗಕ್ಕೆ.

ವ್ಯಾಕರಣಕ್ಕೆ ಹೆಚ್ಚು ಹೊತ್ತು ಬೇಡ. ‘ಹೀ ಈಟ್ಸ್’ ಅಂತ ನಿಲ್ಲಿಸಬಹುದು, ‘ಹೀ ಡಿವೌರ್ಸ್’ ಅಂತ ನಿಲ್ಲಿಸಿದರೆ ಏನನ್ನು ಅನ್ನುವ ಪ್ರಶ್ನೆ ಉಳಿಯುತ್ತದೆ. ‘ಗಾಬಲ್ ಇಟ್ ಅಪ್’ ಸರಿ, ‘ಗಾಬಲ್ ಅಪ್ ಇಟ್’ ಸರಿಯಲ್ಲ.

ಊಟ ಬಿಟ್ಟು ಆಚೆ ಹೋದಾಗಲೇ ಈ ಪದದ ಬಲ ಕಾಣುವುದು. ನಾವು ಒಂದೇ ಉಸಿರಿಗೆ ಓದಿ ಮುಗಿಸಿದೆ ಅನ್ನುವ ಪುಸ್ತಕವನ್ನು ಇಂಗ್ಲಿಷಿನಲ್ಲಿ ಡಿವೌರ್ ಮಾಡುತ್ತಾರೆ. ಬೇಸಿಗೆಯಲ್ಲಿ ನಮ್ಮ ಪೇಪರುಗಳು ‘ಕಬ್ಬಿನ ಗದ್ದೆ ಬೆಂಕಿಗೆ ಆಹುತಿ’ ಅಂತ ಬರೆಯುತ್ತವೆ. ಅಲ್ಲಿ ಗದ್ದೆ ಮುಂದೆ, ಬೆಂಕಿ ಹಿಂದೆ. ಇಂಗ್ಲಿಷಿನವರು ಬೆಂಕಿಯನ್ನೇ ಕರ್ತೃ ಮಾಡಿ, ಅದು ಗದ್ದೆಯನ್ನು ಡಿವೌರ್ ಮಾಡಿತು ಅನ್ನಬಹುದು. ಇಂಥ ತಲೆಬರಹಗಳನ್ನು ಕತ್ತರಿಸಿ ತರಲು ಹೇಳುತ್ತೇನೆ. ಕರ್ತೃ, ಕರ್ಮ ಅದಲುಬದಲು ಮಾಡಿ ಬರೆಯುವ ಈ ಅಭ್ಯಾಸ ಗೈಡಿನ ಯಾವ ಪುಟಕ್ಕಿಂತಲೂ ಚೆನ್ನಾಗಿ ಕೆಲಸ ಮಾಡಿದೆ.

ಕಿರುಪರೀಕ್ಷೆಯಲ್ಲಿ ಸಮಾನಾರ್ಥಕ ಕೇಳಿದಾಗ ‘ಈಟ್ ಹಂಗ್ರಿಲಿ’ ಅಂತ ಬರೆದವರಿಗೂ ಅಂಕ ಕೊಡುತ್ತೇನೆ. ಸ್ವಂತ ವಾಕ್ಯದಲ್ಲಿ ಕರ್ಮಪದ ಇಲ್ಲದಿದ್ದರೆ ಮಾತ್ರ ಅರ್ಧ ಅಂಕ ಹೋಯಿತು.