ಬೇಸಿಗೆಗೆ ಮುನ್ನ ಮನೆಯ ಡೆಸ್ಕ್‌ಟಾಪ್‌ಗೆ ಒಂದಿಷ್ಟು ಆರೈಕೆ

ರಾಯಚೂರಿನ ಬಂಧುಗಳೇ, ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರು ಅದರ ಸಿಪಿಯು ಪೆಟ್ಟಿಗೆಯೊಳಗಿನ ಧೂಳನ್ನು ಈಗಲೇ ತೆಗೆಯುವುದು ಒಳ್ಳೆಯದು. ಫ್ಯಾನಿನಲ್ಲಿಯೂ ಪ್ರೊಸೆಸರ್‌ನ ಬಿಸಿ ಹೀರಿಕೊಳ್ಳುವ ಲೋಹದ ಭಾಗವಾದ ಹೀಟ್‌ಸಿಂಕ್‌ನಲ್ಲಿಯೂ ಧೂಳು ಕಟ್ಟಿಕೊಂಡರೆ ಒಳಗಿನ ಬಿಸಿ ಹೊರಹೋಗದೆ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ; ಕಂಪ್ಯೂಟರ್ ಹಳೆಯದಾಯಿತೆಂದು ನಾವು ಭಾವಿಸುವ ಎಷ್ಟೋ ಸಂದರ್ಭಗಳಲ್ಲಿ ಕಾರಣ ಇಷ್ಟೇ ಆಗಿರುತ್ತದೆ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಒಣಗಿದ ಮೆತ್ತನೆಯ ಬ್ರಷ್ಷಿನಿಂದಲೋ ಬ್ಲೋವರ್‌ನಿಂದಲೋ ನಿಧಾನವಾಗಿ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಬೇಡವೇ ಬೇಡ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬಾರದು, ಏಕೆಂದರೆ ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರಬಹುದು.

ವಿದ್ಯುತ್ ಸ್ಥಾವರವಿರುವ ಶಕ್ತಿನಗರ ಪಕ್ಕದಲ್ಲೇ ಇದ್ದರೂ ಗಾಳಿಮಳೆಗೆ ಕರೆಂಟು ಹೋಗುವುದು ತಪ್ಪದಾದ್ದರಿಂದ, ಕರೆಂಟು ಹೋದಾಗ ಬ್ಯಾಟರಿಯಿಂದ ವಿದ್ಯುತ್ ಕೊಡುವ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಹೊಸ ಮಾನಿಟರ್‌ಗಿಂತ ಮುಖ್ಯವಾದ ಖರ್ಚು. ಅದು ಕೊಡುವ ಕೆಲವು ನಿಮಿಷಗಳು ಕೆಲಸ ಮುಂದುವರಿಸಲಿಕ್ಕಲ್ಲ, ಕಡತಗಳನ್ನು ಉಳಿಸಿ ಕ್ರಮವಾಗಿ ಶಟ್‌ಡೌನ್ ಮಾಡಲಿಕ್ಕೆ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸದೆ ನೇರವಾಗಿ ಗೋಡೆಯ ಸಾಕೆಟ್ಟಿಗೇ ಕೊಡಬೇಕು.