ನೀರಿಗೆ ಎಷ್ಟು ತೂಕ, ಆದಾಯಕ್ಕೆ ಎಷ್ಟು?

ಮುಳಬಾಗಿಲು ತಾಲ್ಲೂಕಿನ ನಮ್ಮ ಎರಡು ಎಕರೆಯಲ್ಲಿ ಟೊಮೆಟೊ, ಹಿಪ್ಪುನೇರಳೆ, ಆಲೂಗಡ್ಡೆ, ರಾಗಿ ಇವುಗಳಲ್ಲಿ ಯಾವುದನ್ನು ಇಡುವುದೆಂದು ಮನೆಯವರೆಲ್ಲ ಕುಳಿತಾಗ ಅಪ್ಪ ನೀರೇ ಮೊದಲೆಂದರು, ತಮ್ಮ ಆದಾಯವೇ ಮೊದಲೆಂದ. ನೀರಿನ ಉಳಿತಾಯ, ಆದಾಯ, ಬೆಲೆಯ ಸ್ಥಿರತೆ, ಕೂಲಿಯಾಳುಗಳ ಅನುಕೂಲ ಎಂಬ ನಾಲ್ಕು ಅಂಶಗಳಲ್ಲಿ ಪ್ರತಿ ಬೆಳೆಗೂ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವುದು ಕಷ್ಟವಾಗಲಿಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಎಂಬುದೇ ಬಗೆಹರಿಯಲಿಲ್ಲ.

ಗಣಿತಜ್ಞ ಥಾಮಸ್ ಸಾಟಿ ಅವರು 1970ರ ದಶಕದಲ್ಲಿ ರೂಪಿಸಿದ ಜೋಡಿ ಹೋಲಿಕೆಯ ಕ್ರಮವನ್ನು ಮೊದಲು ಹಿಡಿದೆ. ಇದು ಅದಕ್ಕಿಂತ ಎಷ್ಟು ಪಟ್ಟು ಮುಖ್ಯ ಎಂದು ಕೇಳುತ್ತ ಹೋದಂತೆ ಉತ್ತರಗಳು ಒಂದಕ್ಕೊಂದು ಹೊಂದದೆ, ಅಸಂಗತತೆಯ ಪ್ರಮಾಣ ಅವರು ಹೇಳಿದ 0.10ರ ಮಿತಿಯನ್ನು ದಾಟಿತು. ಪಟ್ಟು ಹೇಳಲಾಗದವರೂ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಹೇಳಬಲ್ಲರು. ಹಾಗಾಗಿ ಕ್ರಮವನ್ನಷ್ಟೇ ಬರೆದುಕೊಂಡೆ. ಆಲೂಗಡ್ಡೆ ಯಾವ ಅಂಶದಲ್ಲೂ ಹಿಪ್ಪುನೇರಳೆಯನ್ನು ಮೀರದ್ದರಿಂದ, ತೂಕ ಏನೇ ಇರಲಿ, ಅದನ್ನು ಅಲ್ಲಿಗೇ ಕೈಬಿಟ್ಟೆವು.

ನಾಲ್ಕು ಅಂಶಗಳ ಕ್ರಮ ಮಾತ್ರ ತಿಳಿದಿದ್ದರೆ, ತೂಕಗಳ ಮೊತ್ತ 1 ಎಂದಿಟ್ಟುಕೊಂಡಾಗ, ಆ ಕ್ರಮಕ್ಕೆ ಒಪ್ಪುವ ಎಲ್ಲ ತೂಕಗಳ ಸರಾಸರಿ 0.52, 0.27, 0.15, 0.06 ಆಗುತ್ತದೆ. ಪ್ರತಿ ಅಂಶದ ಅಂಕವನ್ನು ಅದರ ತೂಕದಿಂದ ಗುಣಿಸಿ ಕೂಡಿದಾಗ, ನೀರು ಮೊದಲು, ಆದಾಯ ಎರಡನೆಯದು ಎಂಬ ಅಪ್ಪನ ಕ್ರಮದಲ್ಲಿ ರಾಗಿಗೆ 6.84, ಹಿಪ್ಪುನೇರಳೆಗೆ 5.78, ಟೊಮೆಟೊಗೆ 4.99 ಬಂತು. ಇವೆರಡನ್ನು ಅದಲುಬದಲು ಮಾಡಿದ ತಮ್ಮನ ಕ್ರಮದಲ್ಲಿ ಹಿಪ್ಪುನೇರಳೆ 6.28, ಟೊಮೆಟೊ 6.24, ರಾಗಿ 5.09. ಇಷ್ಟು ಸಣ್ಣ ಅಂತರವನ್ನು ಗೆಲುವೆಂದು ನಂಬುವುದು ತಪ್ಪು ಎಂದು ನನ್ನ ಅಭಿಪ್ರಾಯ. ನಾವು ಕೊಟ್ಟ ಅಂಕಗಳಿಗೇ ಅಷ್ಟು ನಿಖರತೆ ಇರಲಿಲ್ಲ.

ಆದ್ದರಿಂದ ಸರಿಯಾದ ತೂಕ ಯಾವುದೆಂದು ಹುಡುಕುವುದನ್ನು ಬಿಟ್ಟು, ಯಾವ ತೂಕದಲ್ಲಿ ತೀರ್ಮಾನ ಬದಲಾಗುತ್ತದೆ ಎಂದು ಹುಡುಕಿದೆ. ಬೆಲೆ, ಕೂಲಿಯಾಳು ಎಂಬ ಎರಡು ಅಂಶಗಳ ತೂಕವನ್ನು ಹಾಗೆಯೇ ಇಟ್ಟು, ಆದಾಯದ ತೂಕವನ್ನು ಇಳಿಸಿ ನೀರಿನ ತೂಕವನ್ನು ಏರಿಸುತ್ತ ಹೋದರೆ, ಸುಮಾರು 0.26ರವರೆಗೆ ಟೊಮೆಟೊ, ಅಲ್ಲಿಂದ 0.40ರವರೆಗೆ ಹಿಪ್ಪುನೇರಳೆ, ಅದರಾಚೆ ರಾಗಿ ಮುಂದೆ ಬರುತ್ತವೆ. ಆ 0.40ರಲ್ಲಿ ಆದಾಯಕ್ಕೆ ಉಳಿಯುವುದು 0.39, ಅಂದರೆ ಎರಡೂ ಹೆಚ್ಚುಕಡಿಮೆ ಸಮ. ಅಷ್ಟು ಹೊತ್ತಿನ ವಾದವೆಲ್ಲ ಒಂದೇ ಪ್ರಶ್ನೆಗೆ ಇಳಿಯಿತು: ಹಿಪ್ಪುನೇರಳೆಯ ಬದಲು ರಾಗಿ ಇಟ್ಟರೆ ಉಳಿಯುವ ನೀರಿಗಾಗಿ, ಕೈತಪ್ಪುವ ಆದಾಯವನ್ನು ಬಿಟ್ಟುಕೊಡಬಹುದೇ?

ಅಪ್ಪ ಉತ್ತರ ಹೇಳದೆ ನಮ್ಮಿಬ್ಬರನ್ನೂ ಕೊಳವೆಬಾವಿಯ ಬಳಿಗೆ ಕರೆದುಕೊಂಡು ಹೋಗಿ ಮೋಟಾರು ಹಾಕಿದರು. ಇಪ್ಪತ್ತು ನಿಮಿಷ ತುಂಬುವ ಮೊದಲೇ ಪೈಪಿನ ಬಾಯಲ್ಲಿ ನೀರು ಕಡಿಕಡಿದು ಬಂದು, ಆಮೇಲೆ ಬರೀ ಗಾಳಿ ಉಗುಳಿತು. ತಮ್ಮ ಮರುಮಾತಾಡಲಿಲ್ಲ. ಆ ಮುಂಗಾರಿನಲ್ಲಿ ಒಂದೂವರೆ ಎಕರೆಗೆ ರಾಗಿಯನ್ನೂ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಯನ್ನೂ ಬಿತ್ತಿ, ಉಳಿದ ಅರ್ಧ ಎಕರೆಗೆ ಮಾತ್ರ ಹನಿ ನೀರಾವರಿಯ ಹಿಪ್ಪುನೇರಳೆ ನೆಟ್ಟೆವು.