ನನ್ನ ಅನುಭವ: ಐದು ವ್ಯಾಟಿನ ಹ್ಯಾಂಡಿ, ಕಿಟಕಿಗೆ ನೇತುಹಾಕಿದ ರಿಬ್ಬನ್

ನನ್ನದು ಹ್ಯಾಮ್ ರೇಡಿಯೋ ಹವ್ಯಾಸ. ನೆಲಮಹಡಿ ಮನೆ. ಬೆಟ್ಟದ ಮೇಲಿನ ರಿಪೀಟರ್ (ನಮ್ಮ ಮಾತನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ ಇನ್ನೊಂದರಲ್ಲಿ ದೂರಕ್ಕೆ ಮರುಕಳಿಸುವ ಯಂತ್ರ) ಹೆಚ್ಚುಕಮ್ಮಿ 40 ಕಿಲೋಮೀಟರ್ ದೂರ. ಕೈಯಲ್ಲಿರುವುದು ಎರಡು ಸಾವಿರದ ಬಾವ್‌ಫೆಂಗ್ ಯುವಿ-5ಆರ್ ಹ್ಯಾಂಡಿ, ಅಂದರೆ ಕೈರೇಡಿಯೋ. ನಮ್ಮ ಸಿಗ್ನಲ್ ಮುಟ್ಟಿ ರಿಪೀಟರ್ ಮರುಕಳಿಸತೊಡಗಿದರೆ "ಎತ್ತಿತು" ಅನ್ನುತ್ತೇವೆ. "ಹ್ಯಾಂಡಿಯಲ್ಲಿ ಅದು ಎತ್ತಲ್ಲ ಬಿಡಿ ಸರ್, ಮೊಬೈಲ್ ಸೆಟ್ (ವಾಹನದಲ್ಲಿಡುವ ದೊಡ್ಡ ರೇಡಿಯೋ) ತಗೊಂಡು ತಾರಸಿ ಮೇಲೆ ಯಾಗಿ ಆಂಟೆನಾ ಹಾಕಿ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಈಗ ಬೆಳಗಿನ ರೇಡಿಯೋ ಕೂಟದಲ್ಲಿ, ಅಂದರೆ ನೆಟ್‌ನಲ್ಲಿ ಅವರೇ ಫೈವ್ ನೈನ್ (ಸ್ಪಷ್ಟತೆಗೂ ಬಲಕ್ಕೂ ಪೂರ್ತಿ ಅಂಕ) ಕೊಡುತ್ತಾರೆ. ಸೆಟ್ಟು ಅದೇ, ಮನೆ ಅದೇ. ಆದ ಒಟ್ಟು ಖರ್ಚು ಮೂರು ಸಾವಿರದ ಚಿಲ್ಲರೆ, ಅದರಲ್ಲಿ ಏಳೆಂಟುನೂರು ದಂಡಕ್ಕೆ ಹೋದದ್ದು.

ಲೈಸೆನ್ಸ್ ಮಾತು ಬೇಗ ಮುಗಿಸುತ್ತೇನೆ. ಕಾಲ್‌ಸೈನ್ (ಲೈಸೆನ್ಸಿನ ಜತೆ ಸಿಗುವ ಕರೆಹೆಸರು) ಕೈಗೆ ಬರುವವರೆಗೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಬಾರದು. ಈ ಸೆಟ್ಟು 136ರಿಂದ 174, 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಬಾಯಿ ಬಿಡುತ್ತದೆ. ನಮ್ಮ ದೇಶದ ಹ್ಯಾಮ್‌ಗಳದು 144–146 ಮತ್ತು 434–438 ಮಾತ್ರ. ಲೈಸೆನ್ಸ್ ಬೇಡದ 446.0–446.2 ಪಟ್ಟಿಯಲ್ಲಿ ಇದನ್ನೇ ಬಳಸಬಹುದಲ್ಲ ಅನ್ನುವವರಿದ್ದಾರೆ. ಆ ವಿನಾಯಿತಿ ಕಡಿಮೆ ಶಕ್ತಿಯ ಪುಟ್ಟ ಸೆಟ್ಟುಗಳಿಗೆ, ಐದು ವ್ಯಾಟಿನದಕ್ಕಲ್ಲ.

ಪೆಟ್ಟಿಗೆ ಒಡೆದ ದಿನವೇ ರಿಪೀಟರ್ ಎತ್ತಲು ಹೊರಡುವುದೇ ಮೊದಲ ತಪ್ಪು. ಎತ್ತದಿದ್ದರೆ ತಪ್ಪು ಪ್ರೋಗ್ರಾಮಿಂಗ್‌ನದೋ, ಪವರ್‌ನದೋ, ಆಂಟೆನಾದ್ದೋ ಗೊತ್ತಾಗುವುದೇ ಇಲ್ಲ. ಮೂರನ್ನೂ ಬೇರೆ ಬೇರೆ ಮಾಡಿ ನೋಡಿದ್ದರಿಂದಲೇ ನನ್ನ ಕೆಲಸ ಆದದ್ದು.

ಮೊದಲು ಪವರ್. ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ತೋರಿಸಬೇಕು. ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾ ಬದಲು ಹಾಕುವ, ಪವರ್ ನುಂಗುವ ರೆಸಿಸ್ಟರ್) ಕೊಂಡುಕೊಳ್ಳಲಿಲ್ಲ. 1 ಕಿಲೋಓಮ್, ಅರ್ಧ ವ್ಯಾಟಿನ ಕಾರ್ಬನ್ ರೆಸಿಸ್ಟರ್ 20 ತಂದು, ಎರಡು ತಾಮ್ರದ ಬಿಲ್ಲೆಗಳ ನಡುವೆ ಪ್ಯಾರಲೆಲ್ ಬೆಸುಗೆ ಹಾಕಿದರೆ 50 ಓಮ್, 10 ವ್ಯಾಟ್. ಅಂಗಡಿಯವನು ಬಿಳಿ ಸಿಮೆಂಟಿನ ದಪ್ಪ ರೆಸಿಸ್ಟರ್ ಕೊಡಲು ಬರುತ್ತಾನೆ, ಬೇಡ ಅನ್ನಿ. ಅದರೊಳಗೆ ಸುತ್ತಿದ ತಂತಿ ಇದೆ, 145 ಮೆಗಾಹರ್ಟ್ಸ್‌ನಲ್ಲಿ ಅದು ರೆಸಿಸ್ಟರ್ ಅಲ್ಲ, ಕಾಯಿಲ್. ನಾನು ಮೊದಲು ತಂದದ್ದು ಅದನ್ನೇ. ಅರವತ್ತು ರೂಪಾಯಿ ಹೋಯಿತು, ಎಸ್‌ಡಬ್ಲ್ಯುಆರ್ (ಕಳಿಸಿದ ಪವರ್ ಎಷ್ಟು ವಾಪಸು ಬರುತ್ತದೆ ಅನ್ನುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಮುಳ್ಳು ಬಲಗಡೆ ಹೋಗಿ ಅಂಟಿಕೊಂಡಿತು.

ಲೋಡ್‌ನ ಬಿಸಿ ತುದಿಗೆ (ಸೆಟ್ಟಿನ ನಡುಪಿನ್ ಸೇರುವ ಬಿಲ್ಲೆಗೆ) ಒಂದು 1ಎನ್4148 ಡಯೋಡ್, ಅಲ್ಲಿಂದ ನೆಲಕ್ಕೆ (ಲೋಡಿನ ಇನ್ನೊಂದು ಬಿಲ್ಲೆಗೆ) 10 ನ್ಯಾನೋಫ್ಯಾರಡ್ ಡಿಸ್ಕ್ ಕೆಪ್ಯಾಸಿಟರ್, ಅದರ ಮೇಲೆ ಸಾಮಾನ್ಯ ಮಲ್ಟಿಮೀಟರ್. ಬಂದ ವೋಲ್ಟಿಗೆ 0.7 ಕೂಡಿಸಿ, ವರ್ಗ ಮಾಡಿ, ನೂರರಿಂದ ಭಾಗಿಸಿದರೆ ವ್ಯಾಟ್. ನನ್ನದರಲ್ಲಿ ಇಪ್ಪತ್ತೂವರೆ ವೋಲ್ಟ್ ಬಂತು, ಅಂದರೆ ನಾಲ್ಕೂವರೆ ವ್ಯಾಟ್. 435ರಲ್ಲಿ ಇನ್ನೂ ಕಮ್ಮಿ ತೋರಿಸಿತು, ಆದರೆ ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಈ ನಾಟಿ ಮೀಟರನ್ನು ನಾನೇ ನಂಬುವುದಿಲ್ಲ. ಒಂದೊಂದು ಸಲ ಐದಾರು ಸೆಕೆಂಡ್ ಒತ್ತಿದರೆ ಸಾಕು. ಆಂಟೆನಾವೂ ಇಲ್ಲದೆ ಲೋಡೂ ಇಲ್ಲದೆ ಒತ್ತಿದರೆ ಫೈನಲ್ ಟ್ರಾನ್ಸಿಸ್ಟರ್‌ಗೆ ಎಳ್ಳುನೀರು.

ಎರಡನೆಯದು ಪ್ರೋಗ್ರಾಮಿಂಗ್, ಅಂದರೆ ಸೆಟ್ಟಿಗೆ ಚಾನೆಲ್ ತುಂಬುವುದು. ಅದನ್ನು ಕಂಪ್ಯೂಟರಿನಿಂದ ಮಾಡುವ ಚರ್ಪ್ ಸಾಫ್ಟ್‌ವೇರ್ ಎಲ್ಲರಿಗೂ ಗೊತ್ತು. ಮುನ್ನೂರು ಕೊಟ್ಟು ತಂದ ಕೇಬಲ್ಲಿನೊಳಗೆ ಇದ್ದದ್ದು ಪಿಎಲ್2303 ಎಂಬ ಯುಎಸ್‌ಬಿ ಚಿಪ್ಪಿನ ನಕಲು. ಹೊಸ ವಿಂಡೋಸ್ ಡ್ರೈವರ್ ಅದನ್ನು ಗುರುತು ಹಿಡಿದು "ಕೋಡ್ 10" ಅಂದು ಕೈ ಕಟ್ಟಿ ಕೂರುತ್ತದೆ. ಹಳೆಯ 3.2.0.0 ಡ್ರೈವರ್‌ಗೆ ಇಳಿಸಿದರೆ ನಡೆಯುತ್ತದೆ. ಆ ತಲೆನೋವೇ ಬೇಡ ಅಂದರೆ ಎಫ್‌ಟಿಡಿಐ ಅಥವಾ ಸಿಎಚ್340 ಚಿಪ್ಪಿನ ಕೇಬಲ್ ಅಂತ ಕೇಳಿ ತನ್ನಿ. ಕೇಬಲ್ಲಿನ ಎರಡು ಪಿನ್ನಿನ ಪ್ಲಗ್ ಟಕ್ ಅಂತ ಕೂರುವವರೆಗೆ ಒತ್ತಬೇಕು. ಅರ್ಧ ಮಿಲಿಮೀಟರ್ ಹೊರಗಿದ್ದರೂ "ರೇಡಿಯೋ ಉತ್ತರಿಸಲಿಲ್ಲ" ಅಂತ ಬರುತ್ತದೆ, ಜನ ಡ್ರೈವರನ್ನು ಬೈಯುತ್ತಾರೆ. ಏನೂ ಮುಟ್ಟುವ ಮೊದಲು ಸೆಟ್ಟಿನಲ್ಲಿದ್ದದ್ದನ್ನು ಇಳಿಸಿಕೊಂಡು ಒಂದು ಫೈಲ್ ಎತ್ತಿಡಿ. ಇನ್ನೊಬ್ಬರ ಸೆಟ್ಟಿನ ಫೈಲನ್ನು ನಿಮ್ಮದಕ್ಕೆ ಏರಿಸಬೇಡಿ.

ಕೀಲಿಯಿಂದಲೇ ಹಾಕುವುದೂ ಕಲಿತಿರಬೇಕು, ಬೆಟ್ಟದ ಮೇಲೆ ಲ್ಯಾಪ್‌ಟಾಪ್ ಇರುವುದಿಲ್ಲ. ಮೇಲಿನ ಸಾಲು, ಫ್ರೀಕ್ವೆನ್ಸಿ ಮೋಡ್. ಮೆನು 7ರಲ್ಲಿ ಡ್ಯುಯಲ್ ವಾಚ್ (ಎರಡೂ ಸಾಲಿನ ಫ್ರೀಕ್ವೆನ್ಸಿಯನ್ನು ಸರದಿಯಲ್ಲಿ ಕೇಳುವುದು) ಆಫ್. ರಿಪೀಟರಿನ ಔಟ್‌ಪುಟ್ ಒತ್ತಿ, ಮೆನು 25ರಲ್ಲಿ ಮೈನಸ್ (ನಾವು ಕಳಿಸುವುದು ಔಟ್‌ಪುಟ್ಟಿಗಿಂತ ಕೆಳಗೆ), 26ರಲ್ಲಿ ಆಫ್‌ಸೆಟ್, ಅಂದರೆ ಎರಡರ ಅಂತರ, 00.600, 13ರಲ್ಲಿ ಟೋನ್ (ರಿಪೀಟರಿನ ಬಾಗಿಲು ತೆರೆಸುವ ಸಣ್ಣ ದನಿ), 27ರಲ್ಲಿ ಉಳಿಸುವುದು. ಆಮೇಲೆ ಸ್ಟಾರ್ ಕೀಲಿ ಒತ್ತಿ ಇನ್‌ಪುಟ್ ಫ್ರೀಕ್ವೆನ್ಸಿಗೆ ತಿರುಗಿಸಿ, ಅದೇ ಚಾನೆಲ್ಲಿಗೆ ಇನ್ನೊಮ್ಮೆ 27. ಚಾನೆಲ್ಲಿನಲ್ಲಿ ಮೊದಲೇ ಏನಾದರೂ ಇದ್ದರೆ ಮೇಲೆ ಬರೆಯುವುದಿಲ್ಲ, ಮೆನು 28ರಲ್ಲಿ ಅಳಿಸಿಯೇ ಬರೆಯಬೇಕು.

ನಾನು ಎಡವಿದ ಜಾಗಗಳು: ಆಫ್‌ಸೆಟ್ಟಿಗೆ 06.000 ಒತ್ತಿದ್ದೆ, 600 ಕಿಲೋಹರ್ಟ್ಸ್ ಬದಲು 6 ಮೆಗಾಹರ್ಟ್ಸ್ ಆಯಿತು. ಟೋನನ್ನು 13ರ ಬದಲು 11ರಲ್ಲಿ ಹಾಕಿದ್ದೆ. 11 ನಾವು ಕೇಳುವುದಕ್ಕೆ, 13 ಕಳಿಸುವುದಕ್ಕೆ. 11ರಲ್ಲಿ ಹಾಕಿದರೆ ಎದುರಿನವರು ಟೋನ್ ಕಳಿಸದ ಹೊರತು ನಮ್ಮ ಸ್ಪೀಕರ್ ಬಾಯೇ ಬಿಡುವುದಿಲ್ಲ. ಸೆಟ್ಟು ಕೆಟ್ಟಿತು ಅಂತಲೇ ಅನ್ನಿಸುತ್ತದೆ. ಇನ್ನೊಂದು, ಡ್ಯುಯಲ್ ವಾಚ್ ಆನ್ ಇದ್ದಾಗ ಕೆಳಗಿನ ಸಾಲಿನಲ್ಲಿ ಯಾರಾದರೂ ಮಾತಾಡಿದರೆ, ಆಗಲೇ ಪಿಟಿಟಿ ಒತ್ತಿದ ನಮ್ಮ ಉತ್ತರವೂ ಕೆಳಗಿನ ಸಾಲಿಗೇ ಹೋಗುತ್ತದೆ. ಮೆನು 32ರಲ್ಲಿ ಅಲಾರಂ "ಸೈಟ್"ಗೆ ಇಡಿ. ಇಲ್ಲದಿದ್ದರೆ ಕಾಲ್ ಗುಂಡಿ ಅಪ್ಪಿತಪ್ಪಿ ಒತ್ತಿ ಹಿಡಿದಾಗ ಸೈರನ್ ಗಾಳಿಗೆ ಹೋಗುತ್ತದೆ. ಮಗುವಿನ ಕೈಗೆ ಸಿಕ್ಕಿದರಂತೂ ಖಂಡಿತ.

ಇವೆರಡೂ ಸರಿಯಾದ ಮೇಲೆ ಪಕ್ಕದ ಬೀದಿಯ ಗೆಳೆಯರ ಜತೆ 145.500ರಲ್ಲಿ, ಒಂದು ವ್ಯಾಟಿನಲ್ಲಿ ಸಿಂಪ್ಲೆಕ್ಸ್, ಅಂದರೆ ರಿಪೀಟರ್ ಇಲ್ಲದೆ ನೇರ ಮಾತು. ಒಂದೇ ಕೋಣೆಯಲ್ಲಿ ಎರಡು ಸೆಟ್ಟು ಇಟ್ಟು ಪರೀಕ್ಷೆ ಮಾಡಬೇಡಿ, ರಿಸೀವರ್ ಉಸಿರುಕಟ್ಟಿ ಸುಳ್ಳು ಹೇಳುತ್ತದೆ. ಐವತ್ತು ಅರವತ್ತು ಹೆಜ್ಜೆಯಾದರೂ ದೂರ ಇರಲಿ. ಪರದೆಯ ಸಿಗ್ನಲ್ ಗೆರೆ ತುಂಬಿರುತ್ತದೆ ಇಲ್ಲವೇ ಖಾಲಿ, ಅಳತೆಗೆ ಬಾರದು. ಬೇಸ್ ಸೆಟ್ಟಿನಲ್ಲಿ ಎಸ್-ಮೀಟರ್ (ಸಿಗ್ನಲ್ಲಿನ ಬಲ ತೋರಿಸುವುದು) ಇರುವ ಒಬ್ಬರನ್ನು ಹಿಡಿದುಕೊಳ್ಳಿ. "ದನಿ ಸಣ್ಣ" ಅಂದರೆ ಮೆನು 5 ವೈಡ್‌ನಲ್ಲಿದೆಯೇ ನೋಡಿ. ಮೈಕಿನ ತೂತು ಸೂಜಿಯಷ್ಟೇ, ಬೆರಳು ಅಡ್ಡ ಬಂದರೆ ಮುಗಿಯಿತು.

ಇನ್ನು ಆಂಟೆನಾ, ಅಸಲು ವಿಷಯ. ಸೆಟ್ಟಿನ ಜತೆಗೆ ಬಂದ ಗಿಡ್ಡ ಆಂಟೆನಾದಲ್ಲಿ, ಅಂದರೆ ರಬ್ಬರ್ ಡಕ್ಕಿನಲ್ಲಿ, ರಿಪೀಟರ್ ಕೇಳಿಸುತ್ತಿತ್ತು, ಎತ್ತುತ್ತಿರಲಿಲ್ಲ. 49 ಸೆಂಟಿಮೀಟರ್ ಮೆತ್ತನೆಯ ತಂತಿಯನ್ನು ರಿಂಗ್ ಲಗ್‌ಗೆ ಬೆಸೆದು ಆಂಟೆನಾದ ಬುಡದಲ್ಲಿ ಸಿಕ್ಕಿಸಿದೆ. ಟೈಗರ್ ಟೇಲ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದಕ್ಕೆ ಇಲಿಬಾಲ ಅಂತಲೇ ಹೆಸರು. ಎದುರಿನವರ ಮೀಟರಿನಲ್ಲಿ ಒಂದು ಗೆರೆ ಏರಿತು. ಲಗ್ಗಿನ ತೂತು ಆರೂವರೆ ಮಿಲಿಮೀಟರ್ ಇರಲಿ, ತಗಡು ತೆಳ್ಳಗಿರಲಿ. ದಪ್ಪಗಿದ್ದರೆ ಆಂಟೆನಾ ಪೂರ್ತಿ ಕೂರದೆ ನಡುವಿನ ಪಿನ್ ತಾಗುವುದಿಲ್ಲ. ಇದರಿಂದ ರಿಪೀಟರ್ ಕೊಕ್ ಅಂದು ಬಾಲ ಬಿಡುವಷ್ಟಾಯಿತು (ನಾವು ಪಿಟಿಟಿ ಬಿಟ್ಟ ಮೇಲೂ ಅದು ಕ್ಷಣಹೊತ್ತು ಕಳಿಸುತ್ತಿರುವುದೇ ಬಾಲ), ಮಾತು ಮಾತ್ರ ಬರೀ ಗೊರಗೊರ.

ಗೆದ್ದದ್ದು 300 ಓಮಿನ ಹಳೆಯ ಟಿವಿ ರಿಬ್ಬನ್ ವೈರ್‌ನ ಜೆ-ಪೋಲ್, ಅಂದರೆ ಎರಡು ತಂತಿಯ ಆ ಚಪ್ಪಟೆ ವೈರಿನಲ್ಲೇ ಮಾಡಿದ ಜೆ ಆಕಾರದ ಆಂಟೆನಾ. ಕೆಳತುದಿಯಲ್ಲಿ ಎರಡೂ ತಂತಿ ಸೇರಿಸಿ ಬೆಸುಗೆ. ಅಲ್ಲಿಂದ 42.5 ಸೆಂಟಿಮೀಟರ್ ಮೇಲೆ ಒಂದು ತಂತಿಯಲ್ಲಿ ಮಾತ್ರ 6 ಮಿಲಿಮೀಟರ್ ಕತ್ತರಿಸಿ ತೆಗೆಯುವುದು. ಒಟ್ಟು ಉದ್ದ 137, ಆದರೆ 140ಕ್ಕೆ ಕತ್ತರಿಸಿ ಶುರುಮಾಡಿ. ಸೆಟ್ಟಿಗೆ ಹೋಗುವ ಕೋಆಕ್ಸ್ ಕೇಬಲ್ಲಿನ ನಡುತಂತಿ ಇಡೀ ಇರುವ ತಂತಿಗೆ, ಜಾಲರಿ ಕತ್ತರಿಸಿದ ತಂತಿಗೆ, ಬುಡದಿಂದ ಮೂರಕ್ಕೂ ನಾಲ್ಕಕ್ಕೂ ನಡುವೆ. ಸರಿಯಾದ ಜಾಗಕ್ಕೆ ಗುಂಡುಸೂಜಿ ಚುಚ್ಚಿ ಹುಡುಕಬೇಕು. ಮೇಲಿನಿಂದ ಒಂದು ಸೆಂಟಿಮೀಟರ್ ಕತ್ತರಿಸಿದರೆ ರೆಸೊನೆನ್ಸ್ (ಆಂಟೆನಾ ಹೊಂದಿಕೊಳ್ಳುವ ಫ್ರೀಕ್ವೆನ್ಸಿ) ಸುಮಾರು ಒಂದು ಮೆಗಾಹರ್ಟ್ಸ್ ಮೇಲೇರುತ್ತದೆ. ನನ್ನ ಮೊದಲ ತುಂಡು 141ರಲ್ಲಿ ನಿಂತಿತು, ಅವಸರಕ್ಕೆ ಬಿದ್ದು 148ಕ್ಕೆ ಹಾರಿಸಿದೆ, ಕಸಕ್ಕೆ ಹೋಯಿತು. ಎರಡನೆಯದನ್ನು ಸಾಲ ತಂದ ನ್ಯಾನೋ ವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇಟ್ಟುಕೊಂಡು ಐದೈದು ಮಿಲಿಮೀಟರ್ ಸವರಿದೆ. 145ರ ಆಸುಪಾಸಿನಲ್ಲಿ ಎಸ್‌ಡಬ್ಲ್ಯುಆರ್ 1.3.

ಇದನ್ನು ತಾರಸಿಗೆ ಏರಿಸಿದರೆ ಇನ್ನೂ ಚೆನ್ನ ಅಂತ ಏರಿಸಿದೆ. ಕೆಟ್ಟಿತು. ಎರಡು ಕಾರಣ. 10 ಮೀಟರ್ ಆರ್‌ಜಿ-58 ಕೇಬಲ್ ಸುಮಾರು 2 ಡಿಬಿ ನುಂಗುತ್ತದೆ; ನಾಲ್ಕೂವರೆಯಲ್ಲಿ ಮೇಲೆ ತಲುಪುವುದು ಮೂರಕ್ಕಿಂತ ಕಮ್ಮಿ. ಮತ್ತೆ, ಒಂದೇ ಚಿಪ್ಪಿನ ರಿಸೀವರ್ ಇರುವ ಇಂಥ ಹ್ಯಾಂಡಿಗಳಿಗೆ ಊರಿನ ಎಫ್‌ಎಂ ಸ್ಟೇಷನ್ನುಗಳೆಲ್ಲ ಒಟ್ಟಿಗೆ ನುಗ್ಗಿದರೆ ಕಿವಿ ಮುಚ್ಚುತ್ತದೆ. ಅದಕ್ಕೆ ಕೇಬಲ್ ತುಂಡಿನದೇ ಒಂದು ಮದ್ದಿದೆ, ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೆಳಗಿಳಿಸಿ, ಬೆಟ್ಟದ ದಿಕ್ಕಿನ ಅಡುಗೆಮನೆ ಕಿಟಕಿಗೆ, ಕಬ್ಬಿಣದ ಸರಳಿನಿಂದ ಅರ್ಧ ಮೀಟರ್ ಆಚೆ ಬಿದಿರು ಕೋಲಿಗೆ ನೇತುಹಾಕಿ, 3 ಮೀಟರ್ ಕೇಬಲ್ ಕೊಟ್ಟೆ. ಅವತ್ತೇ ರಿಪೀಟರ್ ಎತ್ತಿತು. ಇದರಲ್ಲಿ ಪವಾಡವಿಲ್ಲ: ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ಕಿಲೋಮೀಟರ್ ಸಿಗುತ್ತದೆ. ಬಯಲಿಗಿಂತ 300 ಮೀಟರ್ ಮೇಲಿರುವ ಬೆಟ್ಟಕ್ಕೆ ಅದು 71. ಎತ್ತರ ಬೆಟ್ಟವೇ ಕೊಟ್ಟಿದೆ, ನಾವು ಗೋಡೆ ಸರಿಸಿಕೊಂಡರೆ ಆಯಿತು.

ಅಡಾಪ್ಟರಿನಲ್ಲೂ ನೂರೈವತ್ತು ಹೋಯಿತು. ಈ ಸೆಟ್ಟಿನ ಮೇಲಿರುವುದು ಎಸ್‌ಎಂಎ ಕನೆಕ್ಟರಿನ ಮೇಲ್ (ನಡುವೆ ಪಿನ್ ಇರುವುದು), ಆದ್ದರಿಂದ ಕೇಬಲ್ ಕಡೆ ಫೀಮೇಲ್ ಬೇಕು. ದಪ್ಪ ಕೇಬಲ್ಲನ್ನು ನೇರವಾಗಿ ಸೆಟ್ಟಿಗೆ ಜೋತುಹಾಕಿದರೆ ಒಳಗಿನ ಬೆಸುಗೆ ಬಿಡುತ್ತದೆ, ನಡುವೆ ಒಂದು ಗೇಣು ತೆಳು ಕೇಬಲ್ ಆರ್‌ಜಿ-316 ಇರಲಿ.

ನಡುವೆ ದೋಸೆ ಕಾವಲಿಯನ್ನೂ ಬಿಡಲಿಲ್ಲ. 30 ಸೆಂಟಿಮೀಟರ್ ಅಗಲದ ಕಬ್ಬಿಣದ ಕಾವಲಿ ಬೋರಲು ಹಾಕಿ ಅಯಸ್ಕಾಂತದ ಬುಡದ ಆಂಟೆನಾ ನಿಲ್ಲಿಸಿದರೆ 435ಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಎರಡು ಮೀಟರ್ ಬ್ಯಾಂಡಿಗೆ, ಅಂದರೆ 144–146ಕ್ಕೆ, ಅಗಲ ಸಾಲದು. ಎಣ್ಣೆ ಒರೆಸಿಯೇ ಇಡಿ, ಇಲ್ಲದಿದ್ದರೆ ಜಾರುತ್ತದೆ. ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಚಾಲೂ ಇರುವ ದಿನ 437.800ರಲ್ಲಿ ಬರೀ ರಬ್ಬರ್ ಡಕ್ಕಿಗೇ ಕೇಳಿಸುತ್ತದೆ. ನಿಲ್ದಾಣದ ವೇಗಕ್ಕೆ ಫ್ರೀಕ್ವೆನ್ಸಿ ಸರಿಯುತ್ತದೆ: ಏರುವಾಗ 437.810, ನೆತ್ತಿಗೆ ಬಂದಾಗ 800, ಇಳಿಯುವಾಗ 790, ನಡುವಿನ ಎರಡೂ ಸೇರಿ ಐದನ್ನೂ ಮೆಮೊರಿಯಲ್ಲಿ ಐದೈದು ಕಿಲೋಹರ್ಟ್ಸ್ ಅಂತರದಲ್ಲಿ ಸಾಲಾಗಿ ಇಟ್ಟುಕೊಂಡು ಗುಂಡಿ ಒತ್ತುತ್ತ ಹೋಗುವುದು. ಆಂಟೆನಾವನ್ನು ಕಡ್ಡಿಯ ಹಾಗೆ ನೆಟ್ಟಗೆ ಹಿಡಿಯದೆ ಮಣಿಕಟ್ಟು ತಿರುಗಿಸುತ್ತ ಹುಡುಕಿ.

ಮಳೆ ಬಂದ ವಾರ ಎಸ್‌ಡಬ್ಲ್ಯುಆರ್ 2 ದಾಟಿತು. ರಿಬ್ಬನ್ ನೆನೆದರೆ ರೆಸೊನೆನ್ಸ್ ಕೆಳಗಿಳಿಯುತ್ತದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಇಳಿಸಿ ಮೇಲೆ ಮುಚ್ಚಳ ಹಾಕಿದೆ. ಪೈಪೂ ಸ್ವಲ್ಪ ಕೆಳಗೆಳೆಯುತ್ತದೆ, ಆದ್ದರಿಂದ ಕೊನೆಯ ಒಂದು ಸೆಂಟಿಮೀಟರನ್ನು ರಿಬ್ಬನ್ ಪೈಪಿನೊಳಗೆ ಇಟ್ಟು ಅಳೆದೇ ಕತ್ತರಿಸಿ. ಕೆಳತುದಿ ಮುಚ್ಚಬೇಡಿ, ಬೆವರಿದ ನೀರು ಇಳಿಯಲಿ.